ಅಂಗೈ ಅಗಲದ ರಿವಾಲ್ವರ್, ಬಗೆಬಗೆಯ ಕಾಡತೂಸು: ಚಿಕ್ಕ ಕೋವಿ ಹೆಚ್ಚು ಒದೆಯುವುದೇಕೆ?

ಈ ದೃಶ್ಯವನ್ನು ನೀವೂ ನೋಡಿರುತ್ತೀರಿ. ಸಿನಿಮಾದ ನಾಯಕಿ ವ್ಯಾನಿಟಿ ಬ್ಯಾಗಿಗೆ ಕೈ ಹಾಕಿ ಒಂದು ಪುಟಾಣಿ ರಿವಾಲ್ವರ್ ತೆಗೆಯುತ್ತಾಳೆ. ಒಂದೇ ಕೈಯಲ್ಲಿ ಹಿಡಿದು ಢಂ ಎನ್ನಿಸುತ್ತಾಳೆ. ಎದುರಿಗಿದ್ದ ಆರಡಿ ಆಳು ಗಾಳಿಯಲ್ಲಿ ಹಾರಿ, ಗಾಜಿನ ಬಾಗಿಲು ಒಡೆದುಕೊಂಡು ಆಚೆ ಬೀಳುತ್ತಾನೆ. ನಾಯಕಿಯ ಕೈ ಒಂದಿಷ್ಟೂ ಅಲುಗುವುದಿಲ್ಲ. ಅವಳ ಕಿವಿಗೂ ಏನೂ ಆಗುವುದಿಲ್ಲ.

ಈ ಚಿತ್ರ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಎಲ್ಲಾದರೂ ಒಂದು ಕೆಟ್ಟ ಘಟನೆ ನಡೆದ ಮರುದಿನವೇ ವಾಟ್ಸಾಪ್ ಗುಂಪುಗಳಲ್ಲಿ ಅದೇ ಧಾಟಿಯ ಮಾತುಗಳು ಶುರುವಾಗುತ್ತವೆ. ಹೆಣ್ಣುಮಕ್ಕಳ ಕೈಗೆ ಒಂದೊಂದು ಚಿಕ್ಕ ರಿವಾಲ್ವರ್ ಕೊಟ್ಟುಬಿಡಿ, ಹಗುರ, ಬಳಸಲು ಸುಲಭ, ಕೆಡುವ ಮಾತೇ ಇಲ್ಲ ಎನ್ನುವ ಮಾತುಗಳು. ಕೋವಿಯನ್ನು ಕೈಯಲ್ಲಿ ಹಿಡಿದೇ ನೋಡದವರೂ ಅದನ್ನು ಮುಂದಕ್ಕೆ ಕಳಿಸುತ್ತಾರೆ.

ಹಗುರ ರಿವಾಲ್ವರ್ ನಿಜಕ್ಕೂ ಬಳಸಲು ಸುಲಭವೇ? ಅದರಲ್ಲಿ ಯಾವ ಕಾಡತೂಸು ಹಾಕಿದರೂ ಒಂದೇನಾ? ಈ ಪ್ರಶ್ನೆಗಳನ್ನು ಅತಿ ಹೆಚ್ಚು ಕೆದಕಿದವರು ಅಮೆರಿಕದವರು. ಅಲ್ಲಿ ಜೇಬಿನಲ್ಲಿಡುವ ರಿವಾಲ್ವರ್ ಕೊಂಡವರು ಅಭ್ಯಾಸದ ಮೈದಾನಕ್ಕೆ ನಾಲ್ಕೈದು ಬಗೆಯ ಕಾಡತೂಸು ಒಯ್ದು, ಒಂದೊಂದನ್ನೂ ಹಾರಿಸಿ ಹೋಲಿಸಿ ನೋಡುವುದು ಮಾಮೂಲು. ಅವರಿಗೆ ಕಂಡದ್ದರ ಹಿಂದೆ ಹೈಸ್ಕೂಲಿನ ಭೌತಶಾಸ್ತ್ರಕ್ಕಿಂತ ಹೆಚ್ಚಿನದೇನೂ ಇಲ್ಲ. ಅದನ್ನೇ ಇಲ್ಲಿ ಬಿಡಿಸಿ ನೋಡೋಣ.

ಮೊದಲು ಭಾಗಗಳ ಪರಿಚಯ

ರಿವಾಲ್ವರ್ ಎಂದರೆ ತಿರುಗುವ ಉರುಳೆ ಇರುವ ಕೈಕೋವಿ. ಈ ಉರುಳೆಗೆ ಸಿಲಿಂಡರ್ ಎನ್ನುತ್ತಾರೆ. ಚಿಕ್ಕ ರಿವಾಲ್ವರ್‌ಗಳಲ್ಲಿ ಸಾಮಾನ್ಯವಾಗಿ ಐದು ಕುಳಿಗಳು, ಒಂದೊಂದರಲ್ಲೂ ಒಂದು ಕಾಡತೂಸು. ಟ್ರಿಗರ್ ಎಳೆದಾಗ ಸಿಲಿಂಡರ್ ಒಂದು ಮನೆ ತಿರುಗಿ, ಹೊಸ ಕಾಡತೂಸು ನಳಿಗೆಯ ನೇರಕ್ಕೆ ಬಂದು ನಿಲ್ಲುತ್ತದೆ.

ಗುಂಡು ಮತ್ತು ಕಾಡತೂಸು ಒಂದೇ ಅಲ್ಲ. ಕಾಡತೂಸು ಎಂದರೆ ಇಡೀ ಪೊಟ್ಟಣ: ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ಬಾಯಿಗೆ ಸಿಕ್ಕಿಸಿದ ಗುಂಡು. ಹಾರಿಹೋಗುವುದು ಗುಂಡು ಮಾತ್ರ. ಕೋಶ ಸಿಲಿಂಡರಿನಲ್ಲೇ ಉಳಿಯುತ್ತದೆ.

ಚಿಕ್ಕ ರಿವಾಲ್ವರ್‌ಗಳಲ್ಲಿ ಹೆಚ್ಚು ಹೆಸರಾದದ್ದು ಸ್ಮಿತ್ ಆಂಡ್ ವೆಸನ್ ಕಂಪನಿ 1950ರಲ್ಲಿ ತಂದ ಚೀಫ್ಸ್ ಸ್ಪೆಷಲ್. ಪೊಲೀಸ್ ಮುಖ್ಯಸ್ಥರ ಸಮ್ಮೇಳನವೊಂದರಲ್ಲಿ ಅದನ್ನು ಪ್ರದರ್ಶಿಸಿದ್ದರಿಂದ ಆ ಹೆಸರು ಬಂತು. ಎರಡು ಇಂಚಿಗೂ ತುಸು ಕಡಿಮೆ ಉದ್ದದ ನಳಿಗೆ, ಐದು ಗುಂಡು, ಉಕ್ಕಿನ ಮೈ, ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ತೂಕ. ಜೇಬಿಗೆ ಅಷ್ಟೂ ಭಾರ ಎನಿಸಿದ್ದರಿಂದ ಚೌಕಟ್ಟನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿದರು. ತೂಕ ಸುಮಾರು 420 ಗ್ರಾಂಗೆ ಇಳಿಯಿತು. ಆಮೇಲೆ ಸ್ಕ್ಯಾಂಡಿಯಂ ಬೆರೆಸಿದ ಅಲ್ಯೂಮಿನಿಯಂ ಚೌಕಟ್ಟು, ಟೈಟಾನಿಯಂ ಸಿಲಿಂಡರ್ ಬಂದವು. ಇಂಥ ಮಾದರಿಗಳು ಸುಮಾರು 330 ಗ್ರಾಂ, ಅಂದರೆ ಎರಡು ಸ್ಮಾರ್ಟ್‌ಫೋನಿನಷ್ಟೂ ತೂಗುವುದಿಲ್ಲ.

ಜೇಬಿಗೆ ಇದರಿಂದ ಹಿತವಾಯಿತು. ಕೈಗೆ ಏನಾಯಿತು ಎನ್ನುವುದೇ ಪ್ರಶ್ನೆ.

ಹಗುರವಾದಷ್ಟೂ ಒದೆತ ಜಾಸ್ತಿ ಏಕೆ?

ಕೆರೆಯಲ್ಲಿ ತೆಪ್ಪದ ಮೇಲೆ ನಿಂತು ದಡಕ್ಕೆ ಜಿಗಿದರೆ ತೆಪ್ಪ ಹಿಂದಕ್ಕೆ ಸರಿಯುತ್ತದೆ. ದೊಡ್ಡ ದೋಣಿಯಾದರೆ ಸರಿದದ್ದು ಗೊತ್ತೇ ಆಗುವುದಿಲ್ಲ. ಚಿಕ್ಕ ತೆಪ್ಪವಾದರೆ ನೀವು ನೀರಿಗೆ ಬೀಳಲೂಬಹುದು. ಕೋವಿಯಲ್ಲಿ ಆಗುವುದೂ ಇದೇ. ಗುಂಡಿಗೆ ಮುಂದಕ್ಕೆ ಎಷ್ಟು ಸಂವೇಗ ಸಿಗುತ್ತದೋ ಕೋವಿಗೆ ಅಷ್ಟೇ ಹಿಂದಕ್ಕೆ ಸಿಗುತ್ತದೆ. ನ್ಯೂಟನ್ನನ ಮೂರನೇ ನಿಯಮ.

ಸಂವೇಗ ಎಂದರೆ ತೂಕ ಗುಣಿಸು ವೇಗ. ನಾವೇ ಒಂದು ಲೆಕ್ಕ ಹಾಕಿ ನೋಡೋಣ. ಪಾಯಿಂಟ್ 38 ಸ್ಪೆಷಲ್ ಕಾಡತೂಸಿನ ಹಳೆಯ ಮಾದರಿಯ ಗುಂಡು 158 ಗ್ರೇನ್, ಅಂದರೆ 10.2 ಗ್ರಾಂ. ಅದು ಸೆಕೆಂಡಿಗೆ 230 ಮೀಟರ್ ವೇಗದಲ್ಲಿ ಹೊರಟಿತು ಎಂದುಕೊಳ್ಳಿ.

- ಒಂದು ಕಿಲೋ ತೂಗುವ ಉಕ್ಕಿನ ರಿವಾಲ್ವರ್ ಆದರೆ, ಅದು ಸೆಕೆಂಡಿಗೆ 2.3 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಕೈ ತಡೆದುಕೊಳ್ಳಬೇಕಾದ ಶಕ್ತಿ 3 ಜೌಲ್‌ಗಿಂತ ಸ್ವಲ್ಪ ಕಡಿಮೆ.
- ಅದೇ ಕಾಡತೂಸನ್ನು 420 ಗ್ರಾಂ ರಿವಾಲ್ವರ್‌ಗೆ ಹಾಕಿದರೆ ಹಿಂದೆ ಬರುವ ವೇಗ 5.6 ಮೀಟರ್, ಶಕ್ತಿ ಸುಮಾರು 6.6 ಜೌಲ್. ಎರಡು ಪಟ್ಟಿಗೂ ಹೆಚ್ಚು.
- ಈಗ 330 ಗ್ರಾಂ ರಿವಾಲ್ವರ್‌ಗೆ ಇನ್ನೂ ಬಲವಾದ ಪಾಯಿಂಟ್ 357 ಮ್ಯಾಗ್ನಂ ಹಾಕಿ. 8.1 ಗ್ರಾಂ ಗುಂಡು, ಸೆಕೆಂಡಿಗೆ 370 ಮೀಟರ್ ವೇಗ. ಕೋವಿ 9 ಮೀಟರ್ ವೇಗದಲ್ಲಿ ಹಿಂದೆ ಬರುತ್ತದೆ, ಶಕ್ತಿ ಹದಿಮೂರು ಜೌಲ್ ದಾಟುತ್ತದೆ. ಮೊದಲನೆಯದರ ಸುಮಾರು ಐದು ಪಟ್ಟು.

ಇದು ಬರೀ ಗುಂಡಿನ ಲೆಕ್ಕ. ಗುಂಡಿನ ಬೆನ್ನಿಗೇ ಮದ್ದಿನ ಅನಿಲವೂ ರಭಸವಾಗಿ ನುಗ್ಗುತ್ತದೆ. ಅದರ ಪಾಲು ಸೇರಿಸಿದರೆ ಮೂರೂ ಅಂಕಿಗಳು ಮೇಲೇರುತ್ತವೆ. ಮದ್ದು ಹೆಚ್ಚಿರುವ ಮ್ಯಾಗ್ನಂನಲ್ಲಿ ಎಲ್ಲಕ್ಕಿಂತ ಹೆಚ್ಚು ಏರುತ್ತದೆ. ಅದರ ಜೊತೆಗೆ ಚಿಕ್ಕ ರಿವಾಲ್ವರಿನ ಹಿಡಿಯೂ ಚಿಕ್ಕದು. ಕಿರುಬೆರಳಿಗೆ ಜಾಗವೇ ಇರುವುದಿಲ್ಲ. ಅಷ್ಟೂ ಹೊಡೆತ ಅಂಗೈಯ ಒಂದು ಚಿಕ್ಕ ಭಾಗದ ಮೇಲೆ ಬೀಳುತ್ತದೆ.

ಹಾಗಾಗಿ ಚಿಕ್ಕ ಕೋವಿ ಚಿಕ್ಕ ಕೈಗೆ ಎನ್ನುವ ಮಾತು ನೆಟ್ಟಗೆ ತಲೆಕೆಳಗು. ಒಂದೇ ಕಾಡತೂಸಾದರೆ ಭಾರದ ಕೋವಿಯೇ ಕೈಗೆ ಮೆತ್ತಗೆ.

ಗುಂಡು ತಗುಲಿದವನು ಹಾರಿ ಬೀಳುತ್ತಾನೆಯೇ?

ಇಲ್ಲ. ಮೇಲಿನ ಲೆಕ್ಕದಿಂದಲೇ ಇದಕ್ಕೂ ಉತ್ತರ ಸಿಗುತ್ತದೆ. ಗುಂಡಿನ ಸಂವೇಗ 2.3 ಚಿಲ್ಲರೆ. ಅದಷ್ಟನ್ನೂ 70 ಕಿಲೋ ತೂಕದ ಮನುಷ್ಯನಿಗೆ ಕೊಟ್ಟರೆ ಅವನು ಸೆಕೆಂಡಿಗೆ ಮೂರೂವರೆ ಸೆಂಟಿಮೀಟರಿನಷ್ಟು ನಿಧಾನಕ್ಕೆ ಅಲುಗುತ್ತಾನೆ. ಸಂತೆಯಲ್ಲಿ ಯಾರಾದರೂ ಮೈಗೆ ತಾಗಿದರೂ ಅದಕ್ಕಿಂತ ಹೆಚ್ಚು ವಾಲುತ್ತೇವೆ. ಗುಂಡು ಎದುರಿನವನನ್ನು ಹಾರಿಸುವಷ್ಟು ತಳ್ಳುವುದಾದರೆ ಹೊಡೆದವನೂ ಅಷ್ಟೇ ಜೋರಾಗಿ ಹಿಂದಕ್ಕೆ ಹಾರಬೇಕಲ್ಲವೇ? ಸಿನಿಮಾದಲ್ಲಿ ಎಳೆಯುವುದು ಸೊಂಟಕ್ಕೆ ಕಟ್ಟಿದ ಹಗ್ಗ.

ಗುಂಡು ಕೊಲ್ಲುವುದು ತಳ್ಳಿ ಅಲ್ಲ, ಒಳಗಿನ ಅಂಗಾಂಗ ಹರಿದು ರಕ್ತ ಸೋರಿಸಿ. ಅದರ ಪರಿಣಾಮ ಕ್ಷಣದಲ್ಲೇ ಆಗಬೇಕೆಂದೂ ಇಲ್ಲ. ಒಂದು ಗುಂಡು ಹೊಡೆದರೆ ಮುಗಿಯಿತು ಎಂಬ ನಂಬಿಕೆಗೆ ಇಲ್ಲಿಯೇ ಮೊದಲ ಪೆಟ್ಟು.

ಸಂಖ್ಯೆ ದೊಡ್ಡದಾದರೆ ಬಲವೂ ದೊಡ್ಡದೇ?

ಪಾಯಿಂಟ್ 38 ದೊಡ್ಡದೋ, ಪಾಯಿಂಟ್ 357 ದೊಡ್ಡದೋ? ಅಂಕಿ ನೋಡಿದರೆ ಮೊದಲನೆಯದು. ನಿಜದಲ್ಲಿ ಎರಡರ ಗುಂಡಿನ ಅಡ್ಡಳತೆಯೂ ಹೆಚ್ಚುಕಡಿಮೆ ಒಂದೇ, ಸುಮಾರು 9.1 ಮಿಲಿಮೀಟರ್. 38 ಎನ್ನುವುದು ಹಳೆಯ ಕಾಲದ ಅಳತೆಯಿಂದ ಉಳಿದುಕೊಂಡ ಹೆಸರು.

38 ಸ್ಪೆಷಲ್ 1898ರ ಸುಮಾರಿಗೆ ಬಂತು, 357 ಮ್ಯಾಗ್ನಂ 1935ರಲ್ಲಿ. ಎರಡನೆಯದು ತಾಳಬೇಕಾದ ಒತ್ತಡ ಮೊದಲನೆಯದರ ಎರಡರಷ್ಟು: ಅಮೆರಿಕದ ಉದ್ಯಮ ಮಾನದಂಡದಲ್ಲಿ ಚದರ ಇಂಚಿಗೆ 17,000 ಪೌಂಡ್ ಎಲ್ಲಿ, 35,000 ಎಲ್ಲಿ! ಹೊಸ ಕಾಡತೂಸು ತಪ್ಪಿ ಹಳೆಯ ರಿವಾಲ್ವರ್ ಒಳಗೆ ಹೋದರೆ ಸಿಲಿಂಡರ್ ಸಿಡಿಯಬಹುದಿತ್ತು. ಅದಕ್ಕೆಂದೇ ಮ್ಯಾಗ್ನಂ ಕೋಶವನ್ನು ಸುಮಾರು 3 ಮಿಲಿಮೀಟರ್ ಉದ್ದ ಮಾಡಿದರು. ಹಾಗಾಗಿ 357 ರಿವಾಲ್ವರಿನಲ್ಲಿ 38 ಸ್ಪೆಷಲ್ ಹಾರಿಸಬಹುದು, 38ರಲ್ಲಿ 357 ಕೂರುವುದೇ ಇಲ್ಲ. ಇವೆರಡರ ನಡುವೆ ಪ್ಲಸ್ ಪಿ ಎಂಬ ಗುರುತಿನ 38 ಸ್ಪೆಷಲ್ ಇದೆ. ಸಾಮಾನ್ಯ 38ಕ್ಕಿಂತ ಅದರ ಒತ್ತಡ ತುಸು ಹೆಚ್ಚು. ಅದನ್ನು ತಾಳಲೆಂದು ಮಾಡಿದ ರಿವಾಲ್ವರಿನಲ್ಲಿ ಮಾತ್ರ ಬಳಸಬೇಕು.

ಹಗುರ ಕೋವಿಗೆ ಹಗುರ ಮದ್ದು: ಒಂದು ಹಳೆಯ ಪಾಠ

1950ರ ದಶಕದ ಆರಂಭದಲ್ಲಿ ಅಮೆರಿಕದ ವಾಯುಪಡೆಗೆ ವಿಮಾನ ಸಿಬ್ಬಂದಿಗಾಗಿ ಆದಷ್ಟೂ ಹಗುರವಾದ ರಿವಾಲ್ವರ್ ಬೇಕಾಯಿತು. ಕೋಲ್ಟ್ ಮತ್ತು ಸ್ಮಿತ್ ಆಂಡ್ ವೆಸನ್ ಕಂಪನಿಗಳು ಚೌಕಟ್ಟನ್ನಷ್ಟೇ ಅಲ್ಲ, ಸಿಲಿಂಡರನ್ನೂ ಅಲ್ಯೂಮಿನಿಯಂನಲ್ಲೇ ಮಾಡಿಕೊಟ್ಟವು. ಏರ್‌ಕ್ರೂಮನ್ ಎಂದು ಅದರ ಹೆಸರು. ತೂಕವೇನೋ ಇಳಿಯಿತು, ಆದರೆ ಸಾಮಾನ್ಯ 38 ಸ್ಪೆಷಲ್ ಕಾಡತೂಸಿನ ಒತ್ತಡಕ್ಕೆ ಅಲ್ಯೂಮಿನಿಯಂ ಸಿಲಿಂಡರ್ ಸಾಲದು ಎಂದು ತಿಳಿದುಬಂತು. ಆಮೇಲೆ ಅದಕ್ಕೆಂದೇ ಕಡಿಮೆ ಒತ್ತಡದ ಬೇರೆ ಕಾಡತೂಸು ತಯಾರಿಸಬೇಕಾಯಿತು. ಕೊನೆಗೆ ವಾಯುಪಡೆ ಆ ರಿವಾಲ್ವರ್‌ಗಳನ್ನು ವಾಪಸು ಪಡೆದು ಬಹುಪಾಲನ್ನು ನಾಶ ಮಾಡಿತು.

ಕೋವಿ ಮತ್ತು ಕಾಡತೂಸು ಜೋಡಿಯೆತ್ತುಗಳಿದ್ದ ಹಾಗೆ. ಒಂದನ್ನು ಬದಲಿಸಿದರೆ ಇನ್ನೊಂದು ಹೊಂದುತ್ತದೆಯೇ ಎಂದು ನೋಡಲೇಬೇಕು. ಈಗಿನ ಹಗುರ ರಿವಾಲ್ವರ್‌ಗಳಲ್ಲಿ ಒತ್ತಡ ತಾಳುವ ಸಿಲಿಂಡರನ್ನು ಉಕ್ಕು ಅಥವಾ ಟೈಟಾನಿಯಂನಲ್ಲಿ ಮಾಡಿ, ಚೌಕಟ್ಟನ್ನು ಮಾತ್ರ ಹಗುರ ಮಾಡುತ್ತಾರೆ. ಅಷ್ಟಾದರೂ ಕೆಲವು ಅತಿ ಹಗುರ ಮಾದರಿಗಳ ನಳಿಗೆಯ ಮೇಲೆ 120 ಗ್ರೇನ್‌ಗಿಂತ ಹಗುರ ಗುಂಡು ಬಳಸಬೇಡಿ ಎಂದು ಕೆತ್ತಿರುತ್ತಾರೆ.

ಬಸ್ಸಿನಲ್ಲಿ ನಿಂತ ಪ್ರಯಾಣಿಕರು ಮತ್ತು ಕಚ್ಚಿಕೊಳ್ಳುವ ಸಿಲಿಂಡರ್

ರಿವಾಲ್ವರ್ ಎಂದೂ ಕೈಕೊಡುವುದಿಲ್ಲ ಎನ್ನುವುದು ಬಹಳ ಜನಪ್ರಿಯ ನಂಬಿಕೆ. ಪಿಸ್ತೂಲಿನ ಹಾಗೆ ಕೋಶ ಸಿಕ್ಕಿಕೊಳ್ಳುವ ಕಾಟ ಇದಕ್ಕಿಲ್ಲ ಎನ್ನುವುದೇನೋ ನಿಜ. ಹಗುರ ರಿವಾಲ್ವರ್‌ಗೆ ಮಾತ್ರ ತನ್ನದೇ ಒಂದು ರೋಗವಿದೆ.

ಡ್ರೈವರ್ ಬಸ್ಸನ್ನು ತಟ್ಟನೆ ಮುಂದಕ್ಕೆ ಎಳೆದರೆ ನಿಂತವರು ಹಿಂದಕ್ಕೆ ವಾಲುತ್ತಾರೆ. ಬಸ್ಸು ಚಲಿಸಿತು, ಅವರ ಮೈ ಇದ್ದಲ್ಲೇ ಇರಲು ನೋಡಿತು. ಇದೇ ಜಡತ್ವ. ಗುದ್ದಲಿಯ ತಲೆ ಸಡಿಲವಾದಾಗ ಕಾವಿನ ತುದಿಯನ್ನು ನೆಲಕ್ಕೆ ಕುಟ್ಟಿ ಬಿಗಿ ಮಾಡುವುದೂ ಇದೇ ತತ್ವದಿಂದ.

ಈಗ ಸಿಲಿಂಡರ್ ಒಳಗೆ ನೋಡಿ. ಒಂದು ಗುಂಡು ಹಾರಿತು. ಕೋವಿ ತಟ್ಟನೆ ಹಿಂದಕ್ಕೆ ಒದೆಯಿತು. ಉಳಿದ ನಾಲ್ಕು ಕಾಡತೂಸುಗಳ ಕೋಶಗಳೂ ಕೋವಿಯ ಜೊತೆ ಹಿಂದೆ ಬಂದವು. ಅವುಗಳ ಬಾಯಲ್ಲಿ ಕೂತ ಗುಂಡುಗಳು ಇದ್ದಲ್ಲೇ ಇರಲು ನೋಡುತ್ತವೆ. ಗುಂಡನ್ನು ಕೋಶ ಬಿಗಿಯಾಗಿ ಕಚ್ಚಿಕೊಂಡಿರದಿದ್ದರೆ ಒಂದೊಂದು ಹೊಡೆತಕ್ಕೂ ಅದು ಕೂದಲೆಳೆಯಷ್ಟು ಮುಂದಕ್ಕೆ ಜಾರುತ್ತದೆ. ನಾಲ್ಕನೆಯ ಹೊಡೆತದ ಹೊತ್ತಿಗೆ ಕೊನೆಯ ಗುಂಡಿನ ಮೂತಿ ಸಿಲಿಂಡರಿನಿಂದ ಹೊರಗೆ ಇಣುಕಿ ಚೌಕಟ್ಟಿಗೆ ತಾಗಬಹುದು. ಆಗ ಸಿಲಿಂಡರ್ ತಿರುಗುವುದೇ ಇಲ್ಲ. ಪಿಸ್ತೂಲಿನ ತೊಡಕನ್ನು ಕೆಲವೊಮ್ಮೆ ಕೈಯಿಂದಲೇ ಬಿಡಿಸಬಹುದು, ಇದನ್ನು ಅಷ್ಟು ಸುಲಭಕ್ಕೆ ಬಿಡಿಸಲಾಗದು.

ಕೋವಿ ಹಗುರವಾದಷ್ಟೂ, ಕಾಡತೂಸು ಬಲವಾದಷ್ಟೂ, ಗುಂಡು ಭಾರವಾದಷ್ಟೂ ಈ ಅಪಾಯ ಹೆಚ್ಚು. ಅಮೆರಿಕದ ಅನುಭವಿಗಳು ಹೊಸ ಕಾಡತೂಸು ಪರೀಕ್ಷಿಸುವಾಗ ಒಂದು ಕಾಡತೂಸಿನ ಉದ್ದವನ್ನು ಮೊದಲೇ ಅಳೆದುಕೊಂಡು, ಅದನ್ನು ಉಳಿಸಿ ಮಿಕ್ಕ ನಾಲ್ಕನ್ನು ಹಾರಿಸಿ, ಮತ್ತೆ ಅದನ್ನೇ ಅಳೆಯುತ್ತಾರೆ. ಉದ್ದ ಹೆಚ್ಚಿದ್ದರೆ ಆ ಕಾಡತೂಸು ಆ ಕೋವಿಗೆ ಆಗಿಬರುವುದಿಲ್ಲ. ಅದೇ ಕಾಡತೂಸು ಒಂದು ಕಿಲೋ ತೂಕದ ಉಕ್ಕಿನ ರಿವಾಲ್ವರಿನಲ್ಲಿ ಒಂದು ತೊಂದರೆಯೂ ಇಲ್ಲದೆ ನಡೆಯಬಹುದು.

ಭಾರದ ಗುಂಡು ಕೆಳಗೆ ಬೀಳುತ್ತದೆಯೇ?

ಕಲ್ಲೆಸೆದು ಮಾವಿನಕಾಯಿ ಬೀಳಿಸಿದವರಿಗೆ ಗೊತ್ತು, ಭಾರದ ಕಲ್ಲು ಬೇಗ ಕೆಳಗಿಳಿಯುತ್ತದೆ. ಹಾಗಾದರೆ ಭಾರದ ಗುಂಡು ಗುರಿಗಿಂತ ಕೆಳಗೆ, ಹಗುರದ್ದು ಮೇಲೆ ಬೀಳಬೇಕು. ಚಿಕ್ಕ ರಿವಾಲ್ವರಿನಲ್ಲಿ ಏಳೆಂಟು ಮೀಟರ್ ದೂರಕ್ಕೆ ಹಾರಿಸಿದರೆ ಆಗುವುದು ಸಾಮಾನ್ಯವಾಗಿ ಇದರ ಉಲ್ಟಾ.

ಕಾರಣ ಇಷ್ಟೇ. ನಳಿಗೆ ಇರುವುದು ಮುಷ್ಟಿಗಿಂತ ಮೇಲೆ. ಒದೆತ ಶುರುವಾದೊಡನೆ ಕೋವಿ ಹಿಂದಕ್ಕೆ ಬರುವುದರ ಜೊತೆಗೆ ಮೂತಿಯನ್ನೂ ಮೇಲಕ್ಕೆತ್ತುತ್ತದೆ. ಗುಂಡು ಇನ್ನೂ ನಳಿಗೆಯಲ್ಲೇ ಇರುವಾಗ ಇದು ಶುರುವಾಗಿರುತ್ತದೆ. ಗುಂಡು ಒಳಗಿರುವುದು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಅಷ್ಟರಲ್ಲೇ ಭಾರದ, ನಿಧಾನದ ಗುಂಡು ಕೊಂಚ ತಡವಾಗಿ ಹೊರಡುತ್ತದೆ. ಅಷ್ಟು ಹೊತ್ತಿಗೆ ಮೂತಿ ಇನ್ನಷ್ಟು ಮೇಲೆದ್ದಿರುತ್ತದೆ. ಹಾಗಾಗಿ ಗುಂಡೂ ಮೇಲೆ ತಗಲುತ್ತದೆ. ಹಗುರ ಗುಂಡು ಬೇಗ ಹೊರಟುಬಿಡುವುದರಿಂದ ಕೆಳಗೆ.

ಇಂಥ ರಿವಾಲ್ವರಿನ ಗುರಿಕಾಯಿಯನ್ನು ಸಾಮಾನ್ಯವಾಗಿ ಹೊಂದಿಸಲು ಬರುವುದಿಲ್ಲ, ಚೌಕಟ್ಟಿನ ಮೇಲೆಯೇ ಕೊರೆದ ಗೀರು ಅದು. ಗುರಿಕಾಯಿ ಬದಲಾಗದು ಎಂದ ಮೇಲೆ ಅದಕ್ಕೆ ಹೊಂದುವ ಕಾಡತೂಸನ್ನೇ ಹುಡುಕಬೇಕು. ಬಗೆಬಗೆಯ ಕಾಡತೂಸು ಹಾರಿಸಿ ನೋಡುವುದಕ್ಕೆ ಇದೇ ದೊಡ್ಡ ಕಾರಣ.

ಹಾಗಾದರೆ ಹಗುರ ಗುಂಡೇ ಒಳ್ಳೆಯದೇ?

ಒಂದು ಲೆಕ್ಕ ಹಗುರ ಗುಂಡಿನ ಪರವಾಗಿದೆ. 10.2 ಗ್ರಾಂ ಗುಂಡು 230 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ ಸುಮಾರು 270 ಜೌಲ್. 7.1 ಗ್ರಾಂ ಗುಂಡು 275 ಮೀಟರ್ ವೇಗದಲ್ಲಿ ಹೋದರೂ ಶಕ್ತಿ ಅಷ್ಟೇ. ಎರಡನೆಯದರ ಸಂವೇಗ ಮಾತ್ರ ಸುಮಾರು ಶೇ. 17ರಷ್ಟು ಕಡಿಮೆ, ಕೈಗೆ ಬರುವ ಒದೆತದ ಶಕ್ತಿ ಶೇ. 30ರಷ್ಟು ಕಡಿಮೆ. ಶಕ್ತಿಯಲ್ಲಿ ವೇಗದ ವರ್ಗ ಬರುತ್ತದೆ, ಸಂವೇಗದಲ್ಲಿ ಬರೀ ವೇಗ. ವ್ಯತ್ಯಾಸ ಬಂದದ್ದು ಅಲ್ಲಿಂದ.

ಇನ್ನೊಂದು ಲೆಕ್ಕ ಅದಕ್ಕೆ ವಿರುದ್ಧ. ಒಂದೇ ಶಕ್ತಿಯ ಎರಡು ಗುಂಡುಗಳಲ್ಲಿ ಹಗುರದ್ದು ಸಾಮಾನ್ಯವಾಗಿ ಬೇಗ ವೇಗ ಕಳೆದುಕೊಳ್ಳುತ್ತದೆ, ಆಳಕ್ಕೆ ಇಳಿಯುವುದೂ ಕಡಿಮೆ. ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಳೆದುಕೊಂಡ ಹಾಗೆ.

ಮೂತಿಯಲ್ಲಿ ಕುಳಿಯಿರುವ ಗುಂಡುಗಳ ಕಥೆಯೂ ಹೀಗೇ. ಇವು ತಗುಲಿದಾಗ ಅರಳುವಂತೆ ಮಾಡಿದವು. ಇವುಗಳ ಪೂರ್ವಜ ಹುಟ್ಟಿದ್ದು ನಮ್ಮ ದೇಶದಲ್ಲೇ, ಕೋಲ್ಕತ್ತದ ಹತ್ತಿರದ ಡಂ ಡಂ ಶಸ್ತ್ರಾಗಾರದಲ್ಲಿ, 1890ರ ದಶಕದಲ್ಲಿ. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಇಂಥ ಗುಂಡುಗಳನ್ನು ನಿಷೇಧಿಸಿತು. ಡಂ ಡಂ ಗುಂಡು ಬಾಂಬಿನಂತೆ ಸಿಡಿಯುತ್ತದೆ ಎನ್ನುವುದು ಸುಳ್ಳು. ಅದರಲ್ಲಿ ಸಿಡಿಮದ್ದು ಇರುವುದಿಲ್ಲ, ಮೆತ್ತನೆಯ ಸೀಸ ಚಪ್ಪಟೆಯಾಗಿ ಅರಳುತ್ತದೆ, ಅಷ್ಟೇ. ಅರಳಲು ಒಂದು ಮಟ್ಟದ ವೇಗ ಬೇಕು. ಎರಡಿಂಚು ನಳಿಗೆಯಲ್ಲಿ ಗುಂಡಿಗೆ ಓಡಿ ವೇಗ ಪಡೆಯಲು ಜಾಗವೇ ಸಾಲದು. ದೊಡ್ಡ ರಿವಾಲ್ವರಿನಲ್ಲಿ ಅರಳುವ ಗುಂಡು ಚಿಕ್ಕದರಲ್ಲಿ ಅರಳದೆ ಆಚೆ ತೂರಿಹೋಗಿ, ಹಿಂದೆ ನಿಂತ ಏನೂ ಅರಿಯದವರಿಗೆ ತಗಲಬಹುದು. ಪೊಟ್ಟಣದ ಮೇಲೆ ಬರೆದ ವೇಗದ ಅಂಕಿಯನ್ನು ಹೆಚ್ಚಾಗಿ ಉದ್ದ ನಳಿಗೆಯಲ್ಲಿ ಅಳೆದಿರುತ್ತಾರೆ ಎನ್ನುವುದನ್ನೂ ಮರೆಯಬಾರದು.

ಗುರಿ ಹಿಡಿಯುವುದು ಎಷ್ಟು ಕಷ್ಟ?

ಒದೆತದ ಮಾತು ಹಾಗಿರಲಿ. ಚಿಕ್ಕ ನಳಿಗೆಯಲ್ಲಿ ಮುಂದಿನ ಮತ್ತು ಹಿಂದಿನ ಗುರಿಕಾಯಿಗಳ ನಡುವೆ ಸುಮಾರು 10 ಸೆಂಟಿಮೀಟರ್ ಅಂತರ ಎಂದುಕೊಳ್ಳಿ. ಅವನ್ನು ಸಾಲು ಹಿಡಿಯುವಾಗ ಒಂದು ಮಿಲಿಮೀಟರ್ ತಪ್ಪಿದರೆ 7 ಮೀಟರ್ ದೂರದಲ್ಲಿ ಗುಂಡು 7 ಸೆಂಟಿಮೀಟರ್ ಆಚೆ ಹೋಗುತ್ತದೆ. ಅಂತರ 20 ಸೆಂಟಿಮೀಟರ್ ಇದ್ದರೆ ತಪ್ಪು ಅರ್ಧಕ್ಕಿಳಿಯುತ್ತದೆ.

ಇದರ ಮೇಲೆ ಟ್ರಿಗರಿನ ಬಿಗಿ. ಸುತ್ತಿಗೆ ಎತ್ತದೆ ಒಂದೇ ಎಳೆತಕ್ಕೆ ಹಾರಿಸುವಾಗ ಇಂಥ ರಿವಾಲ್ವರ್‌ಗಳ ಟ್ರಿಗರ್‌ಗೆ ಸುಮಾರು 5 ಕಿಲೋ ತೂಕ ಎತ್ತುವಷ್ಟು ಬಲ ಬೇಕು. ಕೋವಿಯ ತೂಕ ಅರ್ಧ ಕಿಲೋಗಿಂತ ಕಡಿಮೆ, ಬೆರಳು ಎಳೆಯುವ ಬಲ ಅದರ ಹತ್ತು ಪಟ್ಟು. ಕೋವಿ ಅಲುಗದೆ ಇರುತ್ತದೆಯೇ? ಅದರಲ್ಲೂ ಹೆದರಿ ಕೈ ನಡುಗುವಾಗ? ಒದೆತಕ್ಕೆ ಹೆದರಿದ ಕೈ ಗುಂಡು ಹಾರುವ ಮೊದಲೇ ಕೋವಿಯನ್ನು ಕೆಳಕ್ಕೆ ಒತ್ತಿಬಿಡುವುದೂ ಉಂಟು. ಇದು ಎಲ್ಲ ಹೊಸಬರ ಸಮಸ್ಯೆ. ಬಲವಾದ ಕಾಡತೂಸಿನಿಂದ ಅಭ್ಯಾಸ ಶುರುಮಾಡಿದರೆ ಈ ಬೆಚ್ಚುವ ರೂಢಿ ಅಂಟಿಕೊಂಡುಬಿಡುತ್ತದೆ. ಅದಕ್ಕೇ ಬಹಳ ಜನ ಕೊನೆಗೆ ನೆಚ್ಚಿಕೊಳ್ಳುವುದು ಅತಿ ಬಲವಾದ ಕಾಡತೂಸನ್ನಲ್ಲ. ವ್ಯಾಡ್‌ಕಟರ್ ಎಂಬ ಮೊಂಡು ಮೂತಿಯ, ಕಡಿಮೆ ಮದ್ದಿನ ಕಾಡತೂಸು ಒಂದಿದೆ. ಕಾಗದದ ಗುರಿಯಲ್ಲಿ ಪಂಚಿಂಗ್ ಯಂತ್ರದಲ್ಲಿ ಮಾಡಿದಂಥ ಅಚ್ಚುಕಟ್ಟು ತೂತು ಮಾಡುತ್ತದೆ. ಹಗುರ ರಿವಾಲ್ವರಿನಲ್ಲಿ ಕೈಗೆ ಹಿತವಾಗಿರುವುದೂ ಅದೇ.

ಕಿವಿ, ಬೆರಳು, ಶ್ವಾಸ

ಸಿನಿಮಾ ತೋರಿಸದ ಮೂರು ಅಪಾಯಗಳಿವೆ.

ಒಂದು, ಶಬ್ದ. ತಟ್ಟನೆ ಬರುವ ಶಬ್ದ 140 ಡೆಸಿಬೆಲ್ ದಾಟಿದರೆ ಒಂದೇ ಸಲಕ್ಕೂ ಕಿವಿಗೆ ಶಾಶ್ವತ ಹಾನಿಯಾಗಬಹುದು. ಕೈಕೋವಿಯ ಶಬ್ದ 150 ಡೆಸಿಬೆಲ್‌ಗೂ ಮೇಲೆ. ನಳಿಗೆ ಗಿಡ್ಡವಾದಷ್ಟೂ ಸ್ಫೋಟ ಕಿವಿಗೆ ಹತ್ತಿರ. ಒಳಗಿನ ಕಿವಿಯ ಸೂಕ್ಷ್ಮ ಕೂದಲಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಎರಡು, ಸಿಲಿಂಡರ್ ಮತ್ತು ನಳಿಗೆಯ ನಡುವಿನ ಕೂದಲೆಳೆಯ ಸಂದು. ಗುಂಡು ದಾಟುವಾಗ ಕಾದ ಅನಿಲ ಇಲ್ಲಿಂದ ಎರಡೂ ಬದಿಗೆ ಚಿಮ್ಮುತ್ತದೆ. ಚಿಕ್ಕ ರಿವಾಲ್ವರ್ ಹಿಡಿದಾಗ ಇನ್ನೊಂದು ಕೈಯ ಹೆಬ್ಬೆರಳು ಸುಲಭವಾಗಿ ಅಲ್ಲಿಗೇ ಹೋಗುತ್ತದೆ. ಬಲವಾದ ಕಾಡತೂಸಾದರೆ ಬೆರಳು ಸುಡುವುದಷ್ಟೇ ಅಲ್ಲ, ಸೀಳಿಹೋಗಲೂಬಹುದು.

ಮೂರು, ಸೀಸ. ಗುಂಡಿನಲ್ಲೂ ಬಹುಪಾಲು ಪ್ರೈಮರ್‌ಗಳಲ್ಲೂ ಸೀಸ ಇರುತ್ತದೆ. ಗಾಳಿಯಾಡದ ಒಳಾಂಗಣದಲ್ಲಿ ಅಭ್ಯಾಸ ಮಾಡಿದರೆ ಅದು ಉಸಿರಿನ ಮೂಲಕ ಮೈ ಸೇರುತ್ತದೆ. ಅಭ್ಯಾಸ ಮುಗಿಸಿದವರು ಊಟಕ್ಕೆ ಕೂರುವ ಮೊದಲು, ಮಕ್ಕಳನ್ನು ಮುಟ್ಟುವ ಮೊದಲು ಕೈ ತೊಳೆಯಲೇಬೇಕು.

ನಮ್ಮಲ್ಲಿ ಏನು ಕಥೆ?

ಭಾರತದಲ್ಲಿ ಹೀಗೆ ನಾಲ್ಕೈದು ಬಗೆಯ ಕಾಡತೂಸು ಕೊಂಡು ಪ್ರಯೋಗ ಮಾಡುವ ಮಾತೇ ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿಗೂ ಕಾಡತೂಸಿಗೂ ಲೈಸೆನ್ಸ್ ಬೇಕು. ಎಷ್ಟು ಕಾಡತೂಸು ಕೊಳ್ಳಬಹುದು ಎನ್ನುವುದೂ ಲೈಸೆನ್ಸಿನಲ್ಲೇ ನಮೂದಾಗಿರುತ್ತದೆ. 38 ಮತ್ತು 9 ಮಿಲಿಮೀಟರ್ ಕೈಕೋವಿಗಳು ನಿಷೇಧಿತ ವರ್ಗಕ್ಕೆ ಸೇರಿದವು, ಸಾಮಾನ್ಯ ನಾಗರಿಕರಿಗೆ ಸಿಗುವಂಥವಲ್ಲ.

ನಮ್ಮಲ್ಲಿ ಹಗುರ ರಿವಾಲ್ವರ್ ಎಂದರೆ ನೆನಪಾಗುವುದು ನಿರ್ಭೀಕ್. ದೆಹಲಿಯ 2012ರ ಅತ್ಯಾಚಾರ ಪ್ರಕರಣದ ನಂತರ, 2014ರಲ್ಲಿ ಕಾನ್ಪುರದ ಆರ್ಡ್‌ನೆನ್ಸ್ ಕಾರ್ಖಾನೆ ಅದನ್ನು ಮಹಿಳೆಯರಿಗೆ ತಕ್ಕದ್ದು ಎಂದು ಮಾರುಕಟ್ಟೆಗೆ ತಂದಿತು. ಪಾಯಿಂಟ್ 32 ಕಾಡತೂಸು, ಟೈಟಾನಿಯಂ ಮಿಶ್ರಲೋಹ, ಸುಮಾರು 500 ಗ್ರಾಂ ತೂಕ, ಬೆಲೆ ಒಂದು ಲಕ್ಷ ರೂಪಾಯಿಗೂ ಮೇಲೆ. ನ್ಯಾಯವಾಗಿ ಹೇಳಬೇಕೆಂದರೆ ಒದೆತದ ವಿಷಯದಲ್ಲಿ ಇದು ಅಷ್ಟು ಕಠಿಣವಲ್ಲ, ಪಾಯಿಂಟ್ 32 ಕಾಡತೂಸೇ ಮೆತ್ತನೆಯದು. ಆದರೆ ಗಿಡ್ಡ ನಳಿಗೆ, ಬಿಗಿ ಟ್ರಿಗರ್, ಕಿವಿಗಪ್ಪಳಿಸುವ ಸದ್ದು, ಇವು ಯಾವ ಚಿಕ್ಕ ರಿವಾಲ್ವರನ್ನೂ ಬಿಟ್ಟಿಲ್ಲ. ಇವಕ್ಕೆ ಮದ್ದು ಒಂದೇ, ಅಭ್ಯಾಸ. ಕಾಡತೂಸೇ ಲೆಕ್ಕದಲ್ಲಿ ಸಿಗುವಾಗ ಅಭ್ಯಾಸ ಎಲ್ಲಿಂದ ಬರಬೇಕು? ಬ್ಯಾಗಿನ ತಳದಲ್ಲಿ ಐದಾರು ಕಾಡತೂಸಿನೊಂದಿಗೆ ಮಲಗಿರುವ ಕೋವಿ ಧೈರ್ಯದ ಭ್ರಮೆ ಕೊಡಬಲ್ಲದು, ಕೌಶಲ ಕೊಡಲಾರದು.

ಮನೆಯಲ್ಲಿ ಕೋವಿ ಇದ್ದರೆ ಕ್ಷೇಮವೇ?

ಈ ಎಲ್ಲ ಲೆಕ್ಕಗಳಿಗಿಂತ ದೊಡ್ಡ ಪ್ರಶ್ನೆ ಇದು. ಅಮೆರಿಕದಲ್ಲಿ ಇದರ ಬಗ್ಗೆ ಅಧ್ಯಯನಗಳಾಗಿವೆ. 1993ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು, ಕೋವಿ ಇರುವ ಮನೆಗಳಲ್ಲಿ ಮನೆಯೊಳಗೇ ಕೊಲೆಯಾಗುವ ಸಾಧ್ಯತೆ ಸುಮಾರು 2.7 ಪಟ್ಟು ಹೆಚ್ಚು ಎಂದು ಕಂಡುಕೊಂಡಿತು. ಕೋವಿಯೇ ಕಾರಣವೋ, ಮೊದಲೇ ಅಪಾಯದಲ್ಲಿದ್ದವರು ಕೋವಿ ಕೊಂಡರೋ ಎಂಬ ವಾದ ಅಲ್ಲಿಂದ ನಡೆದೇ ಇದೆ. ಅದೇ ಪತ್ರಿಕೆಯಲ್ಲಿ 2020ರಲ್ಲಿ ಬಂದ ಕ್ಯಾಲಿಫೋರ್ನಿಯಾದ ಇನ್ನೂ ದೊಡ್ಡ ಅಧ್ಯಯನ ಆತ್ಮಹತ್ಯೆಯ ಕಡೆ ನೋಡಿತು. ಸ್ವಂತ ಕೈಕೋವಿ ಇರುವ ಗಂಡಸರು ಕೋವಿಯಿಂದ ತಮ್ಮ ಜೀವ ತೆಗೆದುಕೊಳ್ಳುವ ಸಾಧ್ಯತೆ ಕೋವಿ ಇಲ್ಲದವರಿಗಿಂತ ಸುಮಾರು 8 ಪಟ್ಟು, ಹೆಂಗಸರಲ್ಲಿ 35 ಪಟ್ಟಿಗೂ ಹೆಚ್ಚು.

ಯಾರ ರಕ್ಷಣೆಗೆಂದು ಈ ಫಾರ್ವರ್ಡ್‌ಗಳು ಕೋವಿ ಕೊಡಿಸಲು ಹೇಳುತ್ತವೆಯೋ ಅವರಿಗೇ ಅಪಾಯದ ಪಟ್ಟು ಹೆಚ್ಚು. ಮನಸ್ಸು ಕುಸಿದ ಗಳಿಗೆ ಹೆಚ್ಚಿನವರಲ್ಲಿ ಕಳೆದುಹೋಗುತ್ತದೆ. ಕೈಯಳತೆಯಲ್ಲಿ ಕೋವಿ ಇದ್ದರೆ ಆ ಗಳಿಗೆ ಕಳೆಯಲು ಸಮಯವೇ ಸಿಗುವುದಿಲ್ಲ. ನಿಮಗೋ ನಿಮ್ಮವರಿಗೋ ಅಂಥ ಕಷ್ಟದ ಹೊತ್ತು ಬಂದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಫಾರ್ವರ್ಡ್ ಮಾಡುವ ಮುನ್ನ

- ಚಿಕ್ಕ, ಹಗುರ ರಿವಾಲ್ವರ್ ಬಳಸಲು ಸುಲಭ: ಸುಳ್ಳು. ಒಯ್ಯಲು ಸುಲಭ, ಹಾರಿಸಲು ಕಷ್ಟ.
- ಗುಂಡು ತಗುಲಿದವನು ಹಿಂದಕ್ಕೆ ಹಾರುತ್ತಾನೆ: ಸುಳ್ಳು.
- ಕೋವಿಯೊಳಗೆ ಕೂರುವ ಕಾಡತೂಸೆಲ್ಲ ಅದಕ್ಕೆ ಆಗುತ್ತದೆ: ಸುಳ್ಳು. ತಯಾರಕರು ಹೇಳಿದ್ದಷ್ಟೇ ಆಗುತ್ತದೆ.
- ರಿವಾಲ್ವರ್ ಕೈಕೊಡುವುದೇ ಇಲ್ಲ: ಅರ್ಧಸತ್ಯ. ಹಗುರವಾದಷ್ಟೂ ಕಚ್ಚಿಕೊಳ್ಳುವ ಅಪಾಯ ಹೆಚ್ಚು.
- ಭಾರದ ಗುಂಡು ಕೆಳಗೆ ತಗಲುತ್ತದೆ: ಹತ್ತಿರದ ಗುರಿಗೆ ಸಾಮಾನ್ಯವಾಗಿ ಉಲ್ಟಾ.
- ಕೋವಿ ಇದ್ದರೆ ಮನೆ ಕ್ಷೇಮ: ಅಧ್ಯಯನಗಳು ಹೇಳುವುದು ಬೇರೆ.

ಮುಂದಿನ ಸಲ ನಿಮ್ಮ ಗುಂಪಿನಲ್ಲಿ ಹೆಣ್ಣುಮಕ್ಕಳ ಕೈಗೆ ಪುಟಾಣಿ ರಿವಾಲ್ವರ್ ಕೊಡಿಸುವ ಸಂದೇಶ ಬಂದರೆ ತೆಪ್ಪದ ಉದಾಹರಣೆ ನೆನಪಿಸಿಕೊಳ್ಳಿ. ಸಾಧ್ಯವಾದರೆ ಅದನ್ನು ಕಳಿಸಿದವರಿಗೂ ಒಮ್ಮೆ ನೆನಪಿಸಿ.